ಅರವತ್ತಕ್ಕೆ ಅರಳು ಮರಳು: ಮುಪ್ಪಿನ ಮರೆವಿನ ಚರಿತ್ರೆ

‘ಅರವತ್ತಕ್ಕೆ ಅರಳು ಮರಳು’ ಎಂಬ ಗಾದೆಯನ್ನು ಕೇಳದ ಕನ್ನಡಿಗನಿಲ್ಲ. ಮನೆಯ ಹಿರಿಯರು ಇಟ್ಟ ವಸ್ತುವನ್ನು ಮರೆತರೆ, ಆಡಿದ ಮಾತನ್ನೇ ಮತ್ತೆ ಮತ್ತೆ ಆಡಿದರೆ, ಉಂಡು ಕೈ ತೊಳೆದ ಕೆಲವು ನಿಮಿಷಗಳಲ್ಲಿಯೇ ಊಟ ಕೇಳಿದರೆ ನಾವು ಈ ಗಾದೆಯನ್ನು ಹೇಳಿ ಸುಮ್ಮನಾಗುತ್ತೇವೆ. ಬಹುಕಾಲದಿಂದ ಜನರ ನಾಲಿಗೆಯ ಮೇಲೆ ಬಾಳಿಬಂದ ಮಾತಿನಲ್ಲಿ ಅನುಭವದ ಅಂಶವು ಇದ್ದೇ ಇರುವದು. ಈ ಗಾದೆಯು ನಮ್ಮ ಮನೆಗಳಿಗೆ ಒಂದು ಉಪಕಾರವನ್ನು ಮಾಡಿದೆ. ಅದರೊಡನೆ ಒಂದು ಅಪಕಾರವನ್ನೂ ಮಾಡಿದೆ. ಬುದ್ಧಿ ಕೆಟ್ಟ ಮುದುಕರನ್ನು ಹುಚ್ಚರೆಂದು ಹೊರಗೆ ಹಾಕದೆ, ‘ವಯಸ್ಸಾಯಿತು’ ಎಂದು ಒಲೆಯ ಬದಿಯಲ್ಲಿ ಇಟ್ಟುಕೊಂಡದ್ದು ಅದರ ಉಪಕಾರ. ರೋಗವನ್ನು ರೋಗವೆಂದು ತಿಳಿಯಗೊಡದೆ, ರೋಗಿಯನ್ನೂ ಅವನ ಸೇವೆಯಲ್ಲಿ ಸವೆಯುವವರನ್ನೂ ಒಬ್ಬಂಟಿಯಾಗಿ ಬಿಟ್ಟದ್ದು ಅದರ ಅಪಕಾರ. ಇವೆರಡನ್ನೂ ಚರಿತ್ರೆಯ ಬೆಳಕಿನಲ್ಲಿ ತೂಗಿ ನೋಡುವದೇ ಈ ಲೇಖನದ ಉದ್ದೇಶ.

ಮೊದಲು ‘ಅರವತ್ತು’ ಎಂಬ ಸಂಖ್ಯೆಯನ್ನೇ ಪರೀಕ್ಷಿಸೋಣ. ಆಯುರ್ವೇದದ ಶಾರ್ಙ್ಗಧರಸಂಹಿತೆಯಲ್ಲಿ ಮನುಷ್ಯನು ಹತ್ತು ಹತ್ತು ವರ್ಷಗಳಿಗೊಮ್ಮೆ ಯಾವ ಯಾವ ಸಂಪತ್ತನ್ನು ಕಳೆದುಕೊಳ್ಳುವನೆಂಬ ಒಂದು ಗಣನೆಯುಂಟು. ಮೊದಲನೆಯ ದಶಕದಲ್ಲಿ ಬಾಲ್ಯ, ಎರಡನೆಯದರಲ್ಲಿ ಬೆಳವಣಿಗೆ, ಮೂರನೆಯದರಲ್ಲಿ ಕಾಂತಿ, ನಾಲ್ಕನೆಯದರಲ್ಲಿ ಮೇಧೆ, ಐದನೆಯದರಲ್ಲಿ ಚರ್ಮದ ನುಣುಪು, ಆರನೆಯದರಲ್ಲಿ ದೃಷ್ಟಿ, ಹೀಗೆ ಸಾಗಿ ಬುದ್ಧಿಯ ಹ್ರಾಸವು ಒಂಬತ್ತನೆಯ ದಶಕಕ್ಕೆ ಬರುತ್ತದೆ. ಎಂದರೆ ನಮ್ಮ ಗಾದೆಯು ಅರವತ್ತಕ್ಕೆ ಹೇಳಿದ್ದನ್ನು ಶಾಸ್ತ್ರಕಾರನು ಎಂಬತ್ತರ ಆಚೆಗೆ ಇಟ್ಟಿದ್ದಾನೆ. ಆರನೆಯ ದಶಕದಲ್ಲಿ ಕಣ್ಣು ಮಂಜಾಗಬಹುದೇ ಹೊರತು ಬುದ್ಧಿ ಮಂಜಾಗತಕ್ಕದ್ದಲ್ಲವೆಂದು ಇದರಿಂದ ಸಿದ್ಧವಾಗುವದು. ಅರವತ್ತರಲ್ಲಿ ಒಬ್ಬನ ಬುದ್ಧಿಯು ಕದಡಿದರೆ ಅದು ಕಾಲಧರ್ಮವಲ್ಲ, ಕಾರಣ ಹುಡುಕಬೇಕಾದ ವಿಕಾರ. ವರಕವಿ ಬೇಂದ್ರೆಯವರು 1956ರಲ್ಲಿ ಅರವತ್ತನ್ನು ಮುಟ್ಟಿದರು. 1958ರಲ್ಲಿ ಅವರಿಗೆ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ತಂದ ಕವಿತಾಸಂಗ್ರಹದ ಹೆಸರೇ ‘ಅರಳು ಮರಳು’. ಮರಳಿ ಅರಳುವದು ಎಂಬ ಅರ್ಥವನ್ನೂ ಆ ಹೆಸರಿನಲ್ಲಿ ಕಾಣಬಹುದು. ಅರವತ್ತು ಎಂಬುದು ಬುದ್ಧಿಯ ಅಸ್ತಮಾನವಲ್ಲವೆಂಬುದಕ್ಕೆ ನಮ್ಮ ಪ್ರಾಂತದಲ್ಲಿ ಬೇರೆ ನಿದರ್ಶನ ಬೇಕಿಲ್ಲ.

ಚರಕಸಂಹಿತೆಯು ಧೀ, ಧೃತಿ, ಸ್ಮೃತಿ ಎಂಬ ಮೂರನ್ನು ಬೇರ್ಪಡಿಸಿ ಹೇಳುತ್ತದೆ. ತಿಳಿಯುವ ಶಕ್ತಿ, ತಡೆದುಕೊಳ್ಳುವ ಶಕ್ತಿ, ನೆನೆಯುವ ಶಕ್ತಿ ಇವು ಮೂರೂ ಒಂದೇ ಅಲ್ಲ. ಒಂದೊಂದೂ ಬೇರೆ ಬೇರೆಯಾಗಿ ಕೆಡಬಹುದು. ಇಂದಿನ ವೈದ್ಯರು ‘ಡಿಮೆನ್ಶಿಯಾ’ ಎಂದು ಕರೆಯುವ ವ್ಯಾಧಿಸಮೂಹದಲ್ಲಿಯೂ ಕೇವಲ ಮರೆವಿನಿಂದ ನಿರ್ಣಯ ಮಾಡುವದಿಲ್ಲ. ನೆನಪಿನೊಡನೆ ವಿವೇಚನೆ, ಮಾತು, ದಿಕ್ಕಿನ ಅರಿವು, ಸ್ವಭಾವ ಇವುಗಳಲ್ಲಿಯೂ ಕುಂದು ಬಂದು, ಅದರಿಂದ ನಿತ್ಯದ ವ್ಯವಹಾರವು ಕೆಟ್ಟಾಗ ಮಾತ್ರ ಆ ಹೆಸರು. ಕನ್ನಡಕವನ್ನು ಎಲ್ಲಿಟ್ಟೆನೆಂದು ಮರೆಯುವದು ವಯಸ್ಸು; ಕನ್ನಡಕವನ್ನು ಕೈಯಲ್ಲಿ ಹಿಡಿದು ಇದು ಏತಕ್ಕೆಂದು ಕೇಳುವದು ವ್ಯಾಧಿ. ಈ ಭೇದವನ್ನು ಪ್ರತಿಯೊಂದು ಮನೆಯವರೂ ತಿಳಿದಿರಬೇಕು.

ಇನ್ನು ಪಶ್ಚಿಮದ ಚರಿತ್ರೆಯನ್ನು ನೋಡೋಣ. ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಫ್ರಾನ್ಸಿನ ವೈದ್ಯ ಎಸ್ಕಿರೋಲನು ಹುಟ್ಟಿನಿಂದ ಬುದ್ಧಿ ಬೆಳೆಯದವರನ್ನೂ, ಇದ್ದ ಬುದ್ಧಿಯನ್ನು ಕಳೆದುಕೊಂಡವರನ್ನೂ ಬೇರೆ ಬೇರೆಯಾಗಿ ಗುರುತಿಸಿದನು. 1901ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಮಾನಸಿಕ ಆಸ್ಪತ್ರೆಗೆ ಔಗುಸ್ಟೆ ಡೆಟರ್ ಎಂಬ ಐವತ್ತೊಂದು ವರ್ಷದ ಹೆಣ್ಣುಮಗಳನ್ನು ಸೇರಿಸಲಾಯಿತು. ನೆನಪು ಹೋಗಿ, ಗಂಡನ ಮೇಲೆ ನಿಷ್ಕಾರಣವಾದ ಸಂಶಯ ಬೆಳೆದು, ತನ್ನ ಹೆಸರನ್ನು ಬರೆಯಲಾರದ ಸ್ಥಿತಿಗೆ ಅವಳು ಬಂದಿದ್ದಳು. ಅಲೋಯಿಸ್ ಆಲ್ಝೈಮರ್ ಎಂಬ ವೈದ್ಯನು ಅವಳನ್ನು ಪರೀಕ್ಷಿಸಿ ಪ್ರಶ್ನೋತ್ತರಗಳನ್ನು ಬರೆದಿಟ್ಟನು. 1906ನೆಯ ಏಪ್ರಿಲ್‌ನಲ್ಲಿ ಅವಳು ತೀರಿಕೊಂಡ ಬಳಿಕ ಮೆದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ನರಕೋಶಗಳ ನಡುವೆ ಕುಳಿತ ಚಿಟ್ಟುಗಳನ್ನೂ ಒಳಗೆ ಸಿಕ್ಕುಗಟ್ಟಿದ ಎಳೆಗಳನ್ನೂ ಕಂಡನು. ಅದೇ ವರ್ಷದ ನವೆಂಬರ 3ರಂದು ಟ್ಯೂಬಿಂಗೆನ್ ಊರಿನ ವೈದ್ಯಸಭೆಯಲ್ಲಿ ಇದನ್ನು ಮಂಡಿಸಿದನು. 1907ರಲ್ಲಿ ಅದು ಮುದ್ರಿತವಾಯಿತು. 1910ರಲ್ಲಿ ಕ್ರೇಪೆಲಿನ್ ಎಂಬ ಪಂಡಿತನು ತನ್ನ ಗ್ರಂಥದಲ್ಲಿ ಆ ರೋಗಕ್ಕೆ ಆಲ್ಝೈಮರನ ಹೆಸರನ್ನೇ ಕೊಟ್ಟನು.

ಈ ಪ್ರಕರಣದಲ್ಲಿ ಒಂದು ಸಂಗತಿಯನ್ನು ಚರಿತ್ರಕಾರರು ಬಹಳವಾಗಿ ಗಮನಿಸಿಲ್ಲ. ರೋಗಿಯ ಹೆಸರು ಉಳಿಯಿತು, ವೈದ್ಯನ ಹೆಸರು ಜಗತ್ಪ್ರಸಿದ್ಧವಾಯಿತು. ಆದರೆ ಆಸ್ಪತ್ರೆಗೆ ತರುವ ಮುಂಚೆ ಅವಳ ಬೈಗಳನ್ನೂ ಸಂಶಯವನ್ನೂ ಸಹಿಸಿ ಮನೆಯಲ್ಲಿ ಸಂಬಾಳಿಸಿದ ಗಂಡನ ವಿಷಯದಲ್ಲಿ ಯಾರೂ ಹೆಚ್ಚು ಬರೆಯಲಿಲ್ಲ. ಶುಶ್ರೂಷೆ ಮಾಡುವವರು ಕಣ್ಣಿಗೆ ಬೀಳದಿರುವದು ಈ ರೋಗದ ಚರಿತ್ರೆಯಲ್ಲಿ ಮೊದಲನೆಯ ದಿನದಿಂದಲೂ ಇದ್ದದ್ದೇ.

ರೋಗಿಯು ಐವತ್ತರ ಪ್ರಾಯದವಳಾಗಿದ್ದುದರಿಂದ, ಇದು ನಡುವಯಸ್ಸಿನವರಿಗೆ ಬರುವ ಒಂದು ವಿರಳವಾದ ರೋಗವೆಂದೂ, ಎಪ್ಪತ್ತರ ಮುದುಕರ ಮರೆವು ಕೇವಲ ಮುಪ್ಪೆಂದೂ ಪಶ್ಚಿಮದ ವೈದ್ಯರು ಬಹುಕಾಲ ನಂಬಿದರು. ನಮ್ಮ ಗಾದೆಯನ್ನೇ ಅವರು ತಮ್ಮ ಭಾಷೆಯಲ್ಲಿ ಹೇಳಿಕೊಂಡರೆನ್ನಬಹುದು. 1968ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ ಊರಿನ ವೈದ್ಯರು ಮುದುಕರ ಮೆದುಳುಗಳನ್ನು ಪರೀಕ್ಷಿಸಿ, ಮರೆವಿನ ತೀವ್ರತೆಗೂ ಆ ಚಿಟ್ಟುಗಳ ಸಂಖ್ಯೆಗೂ ಸಂಬಂಧವಿದೆಯೆಂದು ತೋರಿಸಿದರು. 1976ರಲ್ಲಿ ಅಮೇರಿಕದ ಕ್ಯಾಟ್ಸ್‌ಮನ್ ಎಂಬ ವೈದ್ಯನು ಎರಡೂ ಒಂದೇ ರೋಗವೆಂದು ಸ್ಪಷ್ಟವಾಗಿ ಸಾರಿದನು. ಹೀಗೆ ಒಂದು ತಪ್ಪು ವರ್ಗೀಕರಣವನ್ನು ತಿದ್ದುವದಕ್ಕೆ ಸುಮಾರು ಎಪ್ಪತ್ತು ವರ್ಷಗಳು ಬೇಕಾದವು.

ಈಗ ನಮ್ಮ ಪ್ರಾಂತಕ್ಕೆ ಬರೋಣ. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಹಿಂದುಸ್ಥಾನದವರ ಸರಾಸರಿ ಆಯುಷ್ಯವು ಸುಮಾರು 23 ವರ್ಷ ಮಾತ್ರ. ಸ್ವಾತಂತ್ರ್ಯ ಬಂದಾಗ ಸುಮಾರು 32. ಈಗ 70ರ ಸುಮಾರಿಗೆ ಬಂದು ನಿಂತಿದೆ. ಕೂಸುಗಳ ಮರಣವೇ ಆ ಹಳೆಯ ಅಂಕಿಯನ್ನು ಇಷ್ಟು ಕೆಳಕ್ಕೆಳೆದಿತ್ತೆಂಬುದು ನಿಜ; ಆದರೂ ಪ್ಲೇಗು, ಕಾಲರಾ, ಬರಗಾಲಗಳನ್ನು ದಾಟಿ ಎಂಬತ್ತನ್ನು ಮುಟ್ಟಿದವರು ಊರಿಗೆ ಬೆರಳೆಣಿಕೆಯಷ್ಟೇ. ಆ ಕೆಲವರನ್ನು ನೋಡಿಕೊಳ್ಳಲು ತುಂಬಿದ ಮನೆಗಳಿದ್ದವು. ಸರಕಾರವು ಹುಚ್ಚರಿಗಾಗಿ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಧಾರವಾಡದಲ್ಲಿ ಆಸ್ಪತ್ರೆಯನ್ನು ತೆರೆದಿತ್ತಾದರೂ ಅರಳು ಮರಳಾದ ಅಜ್ಜಿಯನ್ನು ಯಾರೂ ಅಲ್ಲಿಗೆ ಒಯ್ಯುವ ಯೋಚನೆ ಮಾಡುತ್ತಿರಲಿಲ್ಲ. ಇಂದು ಮುದುಕರು ಹೆಚ್ಚಿದ್ದಾರೆ, ಮನೆಗಳು ಸಣ್ಣವಾಗಿವೆ. ಮಕ್ಕಳು ಬೆಂಗಳೂರು, ಪುಣೆಗಳನ್ನು ಸೇರಿದ್ದಾರೆ. ಗಾದೆಯು ಹುಟ್ಟಿದ ಕಾಲದ ಆಸರೆಗಳು ಹೋಗಿ ಗಾದೆ ಮಾತ್ರ ಉಳಿದಿದೆ.

ಈ ವ್ಯಾಧಿಯ ಒಂದು ವಿಚಿತ್ರ ನಿಯಮವನ್ನು ಫ್ರಾನ್ಸಿನ ರಿಬೋ ಎಂಬ ತತ್ತ್ವಜ್ಞನು 1881ರಲ್ಲಿ ಬರೆದಿಟ್ಟನು. ನೆನಪುಗಳು ನಾಶವಾಗುವಾಗ ಹೊಸವು ಮೊದಲು ಹೋಗುವವು, ಹಳೆಯವು ಕೊನೆಗೆ. ನಮ್ಮ ಸೀಮೆಯಲ್ಲಿ ಈ ನಿಯಮಕ್ಕೆ ವಿಶೇಷವಾದ ಅರ್ಥವುಂಟು. ಜಮಖಂಡಿಯು ಪಟವರ್ಧನರ ಸಂಸ್ಥಾನ, ಮುಧೋಳವು ಘೋರ್ಪಡೆಯವರದು. ಬನಹಟ್ಟಿಯು ಜಮಖಂಡಿಗೆ ಸೇರಿದ್ದರೆ ಅದರ ಮಗ್ಗುಲಿನ ರಬಕವಿಯು ಸಾಂಗ್ಲಿಗೆ ಸೇರಿದ್ದಿತು. ಬೀಳಗಿಯು ಬ್ರಿಟಿಷರ ವಿಜಾಪುರ ಜಿಲ್ಲೆಯಲ್ಲಿತ್ತು. 1948ನೆಯ ಮಾರ್ಚ 8ರಂದು ಈ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. 1956ರಲ್ಲಿ ಎಲ್ಲವೂ ಮೈಸೂರು ರಾಜ್ಯಕ್ಕೆ ಬಂದವು. 1973ರಲ್ಲಿ ಆ ರಾಜ್ಯವು ಕರ್ನಾಟಕವಾಯಿತು. 1997ರಲ್ಲಿ ಬಾಗಲಕೋಟೆ ಜಿಲ್ಲೆಯಾಯಿತು. ಎಂಬತ್ತೈದನ್ನು ದಾಟಿದ ಒಬ್ಬ ಮನುಷ್ಯನು ಹುಟ್ಟಿದ ಮನೆಯ ಹೊಸ್ತಿಲನ್ನು ಬಿಡದೆಯೇ ಇಷ್ಟೆಲ್ಲ ಆಳಿಕೆಗಳಲ್ಲಿ ಬಾಳಿದ್ದಾನೆ.

ಬುದ್ಧಿಯನ್ನು ಅಳೆಯುವದಕ್ಕೆ 1975ರಲ್ಲಿ ಅಮೇರಿಕದಲ್ಲಿ ಹೊರಟ, ಈಗಲೂ ಎಲ್ಲೆಡೆ ರೂಢಿಯಲ್ಲಿರುವ ಪ್ರಶ್ನಾವಳಿಯಲ್ಲಿ ‘ಇದು ಯಾವ ರಾಜ್ಯ? ಯಾವ ಜಿಲ್ಲೆ?’ ಎಂಬಂಥ ಪ್ರಶ್ನೆಗಳಿವೆ. ಒಂದು ಪದದ ಅಕ್ಷರಗಳನ್ನು ಹಿಂದುಮುಂದಾಗಿ ಹೇಳಿಸುವ ಪ್ರಶ್ನೆಯೂ ಇದೆ. ‘ವಿಜಾಪುರ ಜಿಲ್ಲಾ’ ಎಂದು ಉತ್ತರಿಸಿದ ಅಜ್ಜನಿಗೆ ಮರೆವು ಬಂದಿದೆಯೋ, ಅಥವಾ ಐವತ್ತು ವರ್ಷಗಳ ರೂಢಿಯು ಬಾಯಿಗೆ ಬಂದಿದೆಯೋ? ಶಾಲೆಯ ಮುಖವನ್ನೇ ಕಾಣದ ಅಜ್ಜಿಗೆ ಅಕ್ಷರಗಳನ್ನು ತಿರುವಿ ಹೇಳೆಂದರೆ ಅವಳು ಏನು ಮಾಡಬೇಕು? ಈ ತೊಡಕನ್ನು ನಮ್ಮ ದೇಶದ ವೈದ್ಯರೂ ಕಂಡರು. ಹರಿಯಾಣದ ಬಲ್ಲಭಗಡದ ಹಳ್ಳಿಗಳಲ್ಲಿ ಓದು ಬಾರದವರಿಗೂ ಹೊಂದುವಂಥ ಹಿಂದೀ ಪ್ರಶ್ನಾವಳಿಯನ್ನು ಸಿದ್ಧಪಡಿಸಿ 1995ರಲ್ಲಿ ಪ್ರಕಟಿಸಿದರು. ಆದ್ದರಿಂದ ಮನೆಯವರು ವೈದ್ಯರ ಬಳಿಗೆ ಹೋಗುವಾಗ, ಹಿರಿಯರು ಮೊದಲು ಏನೇನು ಮಾಡಬಲ್ಲವರಾಗಿದ್ದರು, ಈಗ ಯಾವುದು ತಪ್ಪುತ್ತಿದೆ, ಎಂದಿನಿಂದ ತಪ್ಪುತ್ತಿದೆ ಎಂಬುದನ್ನು ಒಂದು ಕಾಗದದಲ್ಲಿ ಬರೆದುಕೊಂಡು ಹೋಗುವದು ಒಳ್ಳೆಯದು. ಸಂತೆಯ ಲೆಕ್ಕ ತಪ್ಪದ ಹೆಂಗಸು ಚಿಲ್ಲರೆ ಎಣಿಸಲಾರದಾದರೆ ಅದು ಜಿಲ್ಲೆಯ ಹೆಸರಿಗಿಂತ ದೊಡ್ಡ ಸಾಕ್ಷಿ.

ಬೀಳಗಿಯ ಕಡೆಯ ಮನೆಗಳಲ್ಲಿ ಇನ್ನೊಂದು ಬಗೆಯ ಸಂಕಟವನ್ನು ನೆನೆಯಬೇಕು. 1964ರಲ್ಲಿ ಅಡಿಗಲ್ಲು ಬಿದ್ದ ಆಲಮಟ್ಟಿಯ ಅಣೆಕಟ್ಟಿನ ಹಿನ್ನೀರಿನಲ್ಲಿ ಆ ತಾಲೂಕಿನ ಅನೇಕ ಹಳ್ಳಿಗಳು ಮುಳುಗಿ, ಜನರು ಪುನರ್ವಸತಿ ಕೇಂದ್ರಗಳಿಗೆ ಬಂದರು. ಡಿಮೆನ್ಶಿಯಾ ಬಂದ ಹಿರಿಯರು ಸಂಜೆಯಾಗುತ್ತಲೇ ‘ಮನೀಗೆ ಹೋಗೂಣು ನಡಿ’ ಎಂದು ಹಟ ಹಿಡಿಯುವದು ಜಗತ್ತಿನಲ್ಲೆಲ್ಲ ಕಾಣುವ ಲಕ್ಷಣ. ಬೇರೆ ಕಡೆಯಲ್ಲಿ ಆ ‘ಮನೆ’ಯನ್ನು ಒಮ್ಮೆ ತೋರಿಸಿಕೊಂಡು ಬರಬಹುದು; ಇಲ್ಲಿ ಅದು ಕೃಷ್ಣೆಯ ಒಡಲಲ್ಲಿದೆ. ‘ಆ ಊರು ಮುಳುಗಿ ಹೋಗಿದೆ’ ಎಂದು ಮಗನು ಪ್ರತಿದಿನ ತಿದ್ದಿ ಹೇಳಿದರೆ ಮುದುಕನಿಗೆ ಪ್ರತಿದಿನವೂ ಊರು ಹೊಸದಾಗಿ ಮುಳುಗುತ್ತದೆ. ಆ ಮಾತಿನ ಹಿಂದೆ ಇರುವದು ಭಯ, ಹಸಿವೆ, ದಣಿವು, ಇಲ್ಲವೆ ಪರಿಚಿತವಾದದ್ದರ ಹಂಬಲ. ಆ ಊರಿನ ಬಾವಿ, ಗುಡಿ, ಬೇವಿನ ಮರಗಳ ಮಾತು ತೆಗೆದು, ಕೈ ಹಿಡಿದು ನಾಲ್ಕು ಹೆಜ್ಜೆ ನಡೆಸಿಕೊಂಡು ಬಂದರೆ ಬಹುಮಟ್ಟಿಗೆ ಮನಸ್ಸು ಶಾಂತವಾಗುವದು. ಇದು ಸುಳ್ಳು ಹೇಳುವದಲ್ಲ. ಮಾತಿನ ಅಕ್ಷರವನ್ನು ಬಿಟ್ಟು ಭಾವಕ್ಕೆ ಉತ್ತರ ಕೊಡುವದು.

ರಬಕವಿ-ಬನಹಟ್ಟಿಯ ನೇಕಾರರ ಮನೆಗಳಿಂದ ಮತ್ತೊಂದು ಪಾಠ. ಮಾತಿನ ನೆನಪು ಬೇರೆ, ಕೈಯ ನೆನಪು ಬೇರೆ. ಹೆಸರುಗಳು ಅಳಿದ ಮೇಲೆಯೂ ಕೈಕೆಲಸದ ರೂಢಿಯು ಬಹುಕಾಲ ಉಳಿಯುವದೆಂದು ವೈದ್ಯರು ಬಲ್ಲರು. ಮೊಮ್ಮಗನ ಹೆಸರನ್ನು ಮರೆತ ಹಿರಿಯನ ಕೈಗೆ ನೂಲು ಕೊಟ್ಟರೆ ಕಂಡಿಕೆ ಸುತ್ತುವ ಕೈ ತಾನಾಗಿ ನಡೆಯಬಹುದು. ಅಂಥ ಕೆಲಸವನ್ನು ಕೊಟ್ಟು, ಅದು ಉಪಯೋಗಕ್ಕೆ ಬರಲಿ ಬಿಡಲಿ, ಮೆಚ್ಚಿ ಸ್ವೀಕರಿಸಬೇಕು. ಚರಕನು ಶಾರೀರಸ್ಥಾನದಲ್ಲಿ ಸ್ಮೃತಿ ಹುಟ್ಟುವದಕ್ಕೆ ಎಂಟು ಕಾರಣಗಳನ್ನು ಎಣಿಸಿದ್ದಾನೆ. ಸಾದೃಶ್ಯ, ಅಭ್ಯಾಸ, ಮತ್ತೆ ಕೇಳುವದು ಇವು ಅವುಗಳಲ್ಲಿ ಸೇರಿವೆ. ಹಳೆಯ ಪಟ, ಹಳೆಯ ಹಾಡು, ದಿನವೂ ಒಂದೇ ಹೊತ್ತಿಗೆ ಸ್ನಾನ ಊಟಗಳ ಕ್ರಮ ಇವೆಲ್ಲ ಆ ಕಾರಣಗಳ ಪ್ರಯೋಗಗಳೇ. ಇವು ರೋಗವನ್ನು ಕಳೆಯಲಾರವು. ದಿನವನ್ನು ಸುಗಮ ಮಾಡಬಲ್ಲವು.

ಇನ್ನು ರೋಗದ ವ್ಯಾಪ್ತಿ. 2023ರಲ್ಲಿ ಪ್ರಕಟವಾದ ಅಖಿಲ ಭಾರತ ಅಧ್ಯಯನದಂತೆ ನಮ್ಮ ದೇಶದಲ್ಲಿ ಅರವತ್ತು ದಾಟಿದವರಲ್ಲಿ ನೂರಕ್ಕೆ 7.4ರಷ್ಟು ಮಂದಿಗೆ, ಎಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಶಿಯಾ ಇದೆ. ಗಂಡಸರಿಗಿಂತ ಹೆಂಗಸರಲ್ಲಿ, ನಗರಗಳಿಗಿಂತ ಹಳ್ಳಿಗಳಲ್ಲಿ ಇದು ಹೆಚ್ಚು. ಗಾದೆಯು ಸರಿಯಾಗಿದ್ದರೆ ಅರವತ್ತು ದಾಟಿದವರೆಲ್ಲರಿಗೂ ಇದು ಬರಬೇಕಾಗಿತ್ತು. ನೂರರಲ್ಲಿ ತೊಂಬತ್ತೆರಡಕ್ಕೂ ಹೆಚ್ಚು ಮಂದಿಗೆ ಬಂದಿಲ್ಲವೆಂಬುದೇ ಅದರ ಖಂಡನೆ. 2024ರಲ್ಲಿ ಲ್ಯಾನ್ಸೆಟ್ ಪತ್ರಿಕೆಯ ತಜ್ಞಮಂಡಲವು ತಡೆಯಬಹುದಾದ, ಇಲ್ಲವೆ ತಗ್ಗಿಸಬಹುದಾದ ಹದಿನಾಲ್ಕು ಕಾರಣಗಳನ್ನು ಎಣಿಸಿತು. ವಿದ್ಯೆಯ ಕೊರತೆ, ರಕ್ತದ ಒತ್ತಡ, ಸಕ್ಕರೆ ರೋಗ, ತಂಬಾಕಿನ ಹೊಗೆ, ಕುಡಿತ, ಏಕಾಂತವಾಸ, ಕಿವುಡು, ಕಣ್ಣಿನ ಮಂದತೆ ಇವು ಅವುಗಳಲ್ಲಿ ಕೆಲವು. ವಿದ್ಯುತ್ ಮಗ್ಗಗಳ ಸದ್ದಿನಲ್ಲಿ ದಿನವಿಡೀ ದುಡಿಯುವವರು ಕಿವಿಯನ್ನು ಕಾಪಾಡಿಕೊಳ್ಳುವದು ಮುಂದೆ ಬುದ್ಧಿಯನ್ನು ಕಾಪಾಡಿಕೊಳ್ಳುವದಕ್ಕೂ ಸಹಾಯಕವೆಂದು ಇದರಿಂದ ತಿಳಿಯತಕ್ಕದ್ದು.

ಮರೆವು ಕಂಡೊಡನೆ ಆಲ್ಝೈಮರನ ರೋಗವೆಂದೇ ನಿರ್ಣಯಿಸಲಾಗದು. ಮೆದುಳಿನ ರಕ್ತನಾಳಗಳು ಕಟ್ಟಿ ಬರುವ ಬುದ್ಧಿಕ್ಷಯವೂ ಉಂಟು. ಬಿ-12 ಜೀವಸತ್ವದ ಕೊರತೆ, ಥೈರಾಯಿಡ್ ಗ್ರಂಥಿಯ ಮಂದತೆ, ಮನಸ್ಸಿನ ಖಿನ್ನತೆ, ಬಿದ್ದ ಪೆಟ್ಟಿನಿಂದ ತಲೆಯೊಳಗೆ ನಿಂತ ರಕ್ತ, ಕೆಲವು ಔಷಧಗಳ ದೋಷ ಇವುಗಳಿಂದಲೂ ಇದೇ ಲಕ್ಷಣಗಳು ತೋರುವವು, ಇವುಗಳಿಗೆ ಚಿಕಿತ್ಸೆಯುಂಟು. ಎರಡು ಮೂರು ದಿನಗಳಲ್ಲಿ ಒಮ್ಮೆಲೆ ಬುದ್ಧಿ ಕದಡಿದರೆ ಅದು ಬಹುಶಃ ಜ್ವರ, ಮೂತ್ರದ ಸೋಂಕು ಮುಂತಾದ ಬೇರೆ ವಿಕಾರ. ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ‘ಅರಳು ಮರಳು’ ಎಂದು ಕುಳಿತುಕೊಂಡರೆ ವಾಸಿಯಾಗುವ ರೋಗವನ್ನೂ ವಾಸಿಯಾಗದಂತೆ ಮಾಡಿಕೊಳ್ಳುವೆವು. ಆಲ್ಝೈಮರನ ರೋಗಕ್ಕೆ ಪೂರ್ಣ ಪರಿಹಾರವು ಇನ್ನೂ ದೊರೆತಿಲ್ಲ. 1990ರ ದಶಕದಿಂದ ಬಳಕೆಯಲ್ಲಿರುವ ಗುಳಿಗೆಗಳು ಕೆಲವರಿಗೆ ಕೆಲವು ಕಾಲ ಗುಣ ತೋರುವವು. ಇತ್ತೀಚೆಗೆ ಅಮೇರಿಕದಲ್ಲಿ ಮನ್ನಣೆ ಪಡೆದ ಹೊಸ ಔಷಧಗಳು ಆರಂಭದ ಅವಸ್ಥೆಯಲ್ಲಿ ರೋಗದ ವೇಗವನ್ನು ಸ್ವಲ್ಪ ತಗ್ಗಿಸುವವಷ್ಟೇ. ಆದುದರಿಂದ ಇಂದಿಗೂ ಮುಖ್ಯವಾದ ಔಷಧವೆಂದರೆ ಮನೆಯವರ ಶುಶ್ರೂಷೆ.

ಶುಶ್ರೂಷಾ ಎಂಬ ಪದದ ವ್ಯುತ್ಪತ್ತಿಯನ್ನು ವಾಚಕರು ನೆನೆಯಬೇಕು. ಅದು ಕೇಳುವದು ಎಂಬ ಅರ್ಥದ ಶ್ರು ಧಾತುವಿನಿಂದ ಬಂದದ್ದು. ಕೇಳುವ ಇಚ್ಛೆಯೆಂಬುದೇ ಅದರ ಮೂಲಾರ್ಥ. ಸೇವೆಯೆಂಬ ಅರ್ಥವು ಅನಂತರದ್ದು. ಒಂದೇ ಪ್ರಶ್ನೆಯನ್ನು ದಿನಕ್ಕೆ ನಲವತ್ತು ಸಲ ಕೇಳುವವರ ಸೇವೆಗೆ ಇದಕ್ಕಿಂತ ತಕ್ಕ ಪದವಿಲ್ಲ. ಆದರೆ ಈ ಕೇಳುವ ಭಾರವು ನಮ್ಮ ಮನೆಗಳಲ್ಲಿ ಯಾರ ಮೇಲೆ ಬಿದ್ದಿದೆ? ಬಹುತೇಕ ಸೊಸೆಯ ಮೇಲೆ, ಮಗಳ ಮೇಲೆ, ತಾನೇ ಮುದುಕಿಯಾದ ಹೆಂಡತಿಯ ಮೇಲೆ. ರಾತ್ರಿ ನಿದ್ರೆಯಿಲ್ಲ, ಹಗಲು ಬಾಗಿಲ ಕಾವಲು, ಬಟ್ಟೆ ಹಾಸಿಗೆಗಳ ತೊಳೆತ. ಇದರ ಮೇಲೆ ಅತ್ತೆಯು ಓಣಿಯ ಕಟ್ಟೆಯ ಮೇಲೆ ಕುಳಿತು ‘ಸೊಸಿ ಮುಂಜಾನಿಂದ ಒಂದು ತುತ್ತು ಹಾಕಿಲ್ಲವ್ವಾ’ ಎನ್ನುತ್ತಾಳೆ. ಉಂಡದ್ದು ಅವಳ ನೆನಪಿನಲ್ಲಿಲ್ಲವಾದುದರಿಂದ ಅವಳು ಹೇಳುವದು ಅವಳ ಮಟ್ಟಿಗೆ ಸತ್ಯವೇ. ಕೇಳಿದ ನೆರೆಯವರು ಅದನ್ನು ನಂಬಿ, ಊರೆಲ್ಲ ಹಬ್ಬಿಸಿ, ತವರಿನವರೆಗೂ ಮಾತು ಮುಟ್ಟಿಸುವದುಂಟು. ಇದರಿಂದ ಒಡೆಯುವ ಮನಸ್ಸು ಆ ಸೊಸೆಯದು. ‘ಸಂಬಂಧಿಕರು ಕಳ್ಳತನ ಮಾಡಿದರು’ ಎಂಬ ದೂರೂ ಇದೇ ಜಾತಿಯದು. ಇಂಥ ಮಾತು ಕಿವಿಗೆ ಬಿದ್ದಾಗ ಒಳಗೆ ಹೋಗಿ ‘ನಿನಗ ಎಷ್ಟು ತ್ರಾಸ ಆಗೇತಿ, ನಾ ಏನು ಮಾಡ್ಲಿ?’ ಎಂದು ಸೊಸೆಯನ್ನು ಕೇಳುವದು ನೆರೆಯವರ ಧರ್ಮ.

ಇದು ಕೇವಲ ಉಪದೇಶವಲ್ಲ, ಪ್ರಯೋಗದಿಂದ ಸಿದ್ಧವಾದದ್ದು. 1992ರಲ್ಲಿ ಕೇರಳದಲ್ಲಿ ಭಾರತದ ಆಲ್ಝೈಮರ್ ಮತ್ತು ತತ್ಸಂಬಂಧ ವ್ಯಾಧಿಗಳ ಸಂಘವು ಸ್ಥಾಪಿತವಾಯಿತು. 1998ರಲ್ಲಿ ಕೊಚ್ಚಿಯಲ್ಲಿ ಸೇರಿದ ತಜ್ಞರು, ರೋಗಿಗಳಲ್ಲಿ ನೂರಕ್ಕೆ 66 ಮಂದಿ ಬಡದೇಶಗಳಲ್ಲಿದ್ದರೂ ಸಂಶೋಧನೆಯಲ್ಲಿ ನೂರಕ್ಕೆ 10ಕ್ಕಿಂತ ಕಡಿಮೆ ಭಾಗವು ಮಾತ್ರ ಅಲ್ಲಿ ನಡೆಯುತ್ತಿದೆಯೆಂದು ಕಂಡು, ‘10/66’ ಎಂಬ ಸಂಶೋಧನಾ ಮಂಡಲಿಯನ್ನು ಕಟ್ಟಿದರು. ನಮ್ಮ ನೆರೆಯ ಗೋವೆಯ ಎರಡು ತಾಲೂಕುಗಳಲ್ಲಿ 81 ಕುಟುಂಬಗಳನ್ನು ಆರಿಸಿಕೊಂಡು ನಡೆಸಿದ ಪ್ರಯೋಗದ ಫಲವು 2008ರಲ್ಲಿ ಪ್ರಕಟವಾಯಿತು. ಅಲ್ಲಿ ಮನೆಗಳಿಗೆ ಹೋದವರು ದೊಡ್ಡ ವೈದ್ಯರಲ್ಲ. ತರಬೇತಿ ಪಡೆದ ಸ್ಥಳೀಯರು. ಅವರು ಆರು ತಿಂಗಳ ಕಾಲ ಆಗಾಗ ಹೋಗಿ ರೋಗವೆಂದರೇನೆಂದು ತಿಳಿಸಿದರು, ಸಂಬಾಳಿಸುವ ರೀತಿಯನ್ನು ಕಲಿಸಿದರು, ಮನೆಯವರ ಅಳಲನ್ನು ಕೇಳಿದರು. ಬೇಕಾದಾಗ ಮನೋವೈದ್ಯರ ಸಹಾಯ ದೊರಕಿಸಿದರು. ಶುಶ್ರೂಷೆ ಮಾಡುವವರ ಮನಸ್ಸಿನ ಸ್ವಾಸ್ಥ್ಯವು ಸುಧಾರಿಸಿತು. ಗೋವೆಯಲ್ಲಿ ಸಾಧ್ಯವಾದದ್ದು ನಮ್ಮ ನಾಲ್ಕು ತಾಲೂಕುಗಳಲ್ಲಿ ಅಸಾಧ್ಯವೆನ್ನಲು ಕಾರಣವಿಲ್ಲ.

ಕರ್ನಾಟಕದಲ್ಲಿಯೂ ಕಾರ್ಯವು ಆರಂಭವಾಗಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರದವರು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲೂಕಿನ ಹಳ್ಳಿಗರನ್ನು ವರ್ಷಾನುವರ್ಷ ಪರೀಕ್ಷಿಸುವ ದೀರ್ಘ ಅಧ್ಯಯನವನ್ನು ಕೈಕೊಂಡಿದ್ದಾರೆ. ನಿಮ್ಹಾನ್ಸ್ ಸಂಸ್ಥೆಯೂ ರಾಜ್ಯ ಸರಕಾರವೂ ಕೂಡಿ ಮೆದುಳಿನ ಆರೋಗ್ಯದ ಚಿಕಿತ್ಸಾಲಯಗಳನ್ನು ಸರಕಾರಿ ಆಸ್ಪತ್ರೆಗಳಲ್ಲಿ ತೆರೆಯುವ ಯೋಜನೆಯನ್ನು ನಡೆಸುತ್ತಿವೆ. ನಮಗೆ ಸಮೀಪವಾದ ಧಾರವಾಡದ ಹಳೆಯ ಆಸ್ಪತ್ರೆಯು ಈಗ ಡಿಮ್ಹಾನ್ಸ್ ಎಂಬ ಬೋಧನಸಂಸ್ಥೆಯಾಗಿದೆ. ಹಿರಿಯರ ಸಂಬಂಧದ ಸಲಹೆಗೆ 14567, ಮನಸ್ಸಿನ ಕ್ಲೇಶಕ್ಕೆ 14416 ಎಂಬ ದೂರವಾಣಿ ಸಂಖ್ಯೆಗಳಿವೆ. ಎರಡನೆಯದು ರೋಗಿಗಷ್ಟೇ ಅಲ್ಲ, ದಣಿದ ಸೊಸೆಗೂ ಮೀಸಲೆಂಬುದನ್ನು ಮರೆಯಬಾರದು. ತಂದೆತಾಯಿಗಳನ್ನು ಸಂರಕ್ಷಿಸುವದು ಮಕ್ಕಳ ಕರ್ತವ್ಯವೆಂದು ಹಳೆಯ ಸ್ಮೃತಿಗಳು ಹೇಳಿದ್ದನ್ನು 2007ರ ಕಾಯಿದೆಯೂ ವಿಧಿಸಿದೆ. ಆದರೆ ಕರ್ತವ್ಯವನ್ನು ಮಕ್ಕಳಿಗೆಲ್ಲ ವಿಧಿಸಿ, ಕೆಲಸವನ್ನು ಒಬ್ಬ ಹೆಣ್ಣುಮಗಳಿಗೆ ಬಿಡುವದು ಯಾವ ಸ್ಮೃತಿಗೂ ಸಮ್ಮತವಾಗಲಾರದು. ದೂರದ ಊರಿನಲ್ಲಿರುವ ಮಗನು ವರ್ಷಕ್ಕೊಮ್ಮೆ ಜಾತ್ರೆಗೆ ಬಂದು ‘ಅವ್ವನ್ನ ಸರಿಯಾಗಿ ನೋಡಿಕೊಂಡಿಲ್ಲ’ ಎಂದು ತಪ್ಪು ಹುಡುಕುವ ಬದಲು ಹದಿನೈದು ದಿನ ತಾನೇ ನೋಡಿಕೊಂಡು ತಂಗಿಗೋ ಅತ್ತಿಗೆಗೋ ವಿಶ್ರಾಂತಿ ಕೊಡಲಿ. ಹಣ ಕಳುಹುವದು ಸುಲಭ. ಒಂದು ರಾತ್ರಿಯ ನಿದ್ರೆಯನ್ನು ಕೊಡುವದು ಅದಕ್ಕಿಂತ ದೊಡ್ಡ ದಾನ.

ನಮ್ಮ ಊರುಗಳ ಮಹಿಳಾಮಂಡಲಗಳು, ಭಜನಾಮಂಡಲಿಗಳು, ವಾಚನಾಲಯಗಳು ತಿಂಗಳಿಗೊಮ್ಮೆ ಇಂಥ ಮನೆಯವರನ್ನು ಒಂದೆಡೆ ಕೂಡಿಸಿ, ಅವರವರ ಅನುಭವವನ್ನು ಹೇಳಿಸಿ ಕೇಳುವ ಏರ್ಪಾಡು ಮಾಡಬಹುದು. ಇದಕ್ಕೆ ಹಣ ಬೇಕಿಲ್ಲ. ಒಂದು ಚಾಪೆ, ಒಬ್ಬ ತಿಳಿದ ವೈದ್ಯ ಸಾಕು. ಆ ಎರಡು ತಾಸು ರೋಗಿಯ ಬಳಿ ಓಣಿಯ ಇನ್ನೊಬ್ಬರು ಕುಳಿತುಕೊಳ್ಳಲಿ. ದಾರಿ ತಪ್ಪಿ ತಿರುಗುವ ಹಿರಿಯರ ಅಂಗಿಯ ಜೇಬಿನಲ್ಲಿ ವಿಳಾಸದ ಚೀಟಿಯನ್ನಿಟ್ಟು, ಅಂಗಡಿಯವರಿಗೂ ಬಸ್ ನಿಲ್ದಾಣದವರಿಗೂ ಅವರ ಗುರುತನ್ನು ತಿಳಿಸಿಡಲಿ.

ಮನೆಯ ಹಿರಿಯರು ನಮ್ಮ ಹೆಸರನ್ನು ಮರೆಯಬಹುದು. ಅವರ ಹೆಸರನ್ನೂ, ಅವರು ನೆಯ್ದ ಸೀರೆಗಳನ್ನೂ, ಉತ್ತ ಹೊಲಗಳನ್ನೂ, ಮುಳುಗಿದ ಅವರ ಊರನ್ನೂ ಅವರ ಪರವಾಗಿ ನೆನಪಿನಲ್ಲಿಟ್ಟುಕೊಳ್ಳುವ ಹೊಣೆ ಈಗ ನಮ್ಮದು. ಆ ಹೊಣೆಯನ್ನು ಮನೆಯ ಮೂಲೆಯಲ್ಲಿ ಒಬ್ಬಳೇ ಹೊತ್ತು ಕುಳಿತವಳನ್ನು ಊರು ಮರೆಯದಿರಲಿ.